ಸೆಣಬಿನ ಸೂರಿನಡಿ ಮಾರ

ಜಪಾನಿನಲ್ಲಿ ಯಾರದೇ ಮನೆಗೆ ಹೋದರೂ ನಮ್ಮಲ್ಲಿಯಂತೆ ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಕಾಲಿಡುವಾಗ ಒಂದು ಮಾತನ್ನೂ ಹೇಳಬೇಕು: ‘ಒಜಾಮಾ ಶಿಮಾಸು’. ‘ನಿಮಗೆ ಅಡ್ಡಿ ಮಾಡುತ್ತಿದ್ದೇನೆ’ ಎಂದು ಅದರರ್ಥ. ಹೊರಡುವಾಗಲೂ ಅದೇ ಮಾತು, ಕ್ರಿಯಾಪದ ಮಾತ್ರ ಭೂತಕಾಲದ್ದು. ದಿನವೂ ಲಕ್ಷಾಂತರ ಹೊಸ್ತಿಲುಗಳಲ್ಲಿ ಈ ಮಾತು ಕೇಳಿಸುತ್ತದೆ. ಟೋಕಿಯೊದಲ್ಲಿ ಕೆಲಸಕ್ಕಿರುವ ನಮ್ಮವರ ಬಾಯಿಗೂ ಅದು ಹತ್ತಿಕೊಂಡಿದೆ. ಅದರಲ್ಲಿರುವ ‘ಜಾಮಾ’ ಎರಡು ಅಕ್ಷರಗಳ ಪದ. ‘ಜಾ’ ಎಂದರೆ ಕೆಟ್ಟದ್ದು. ‘ಮಾ’ ನಮಗೆ ಗೊತ್ತಿರುವವನೇ. ಬೋಧಿವೃಕ್ಷದ ಕೆಳಗೆ ಕುಳಿತ ಸಿದ್ಧಾರ್ಥನ ಧ್ಯಾನ ಕೆಡಿಸಲು ದಂಡು ಕಟ್ಟಿಕೊಂಡು ಬಂದ ಮಾರ ಅವನು.

ಗಯೆಯಿಂದ ಹೊರಟ ಮಾರ ಟೋಕಿಯೊದ ಹೊಸ್ತಿಲು ಮುಟ್ಟಿದ್ದು ಚೀನಾದ ಮೂಲಕ. ಅಲ್ಲಿ ಅವನಿಗೆಂದೇ ಒಂದು ಅಕ್ಷರ ಬೇಕಾಯಿತು. ಈಗ ಚೀನಾದಲ್ಲಿ ಅದನ್ನು ಏರುದನಿಯಲ್ಲಿ ‘ಮೋ’ ಎಂದು ಓದುತ್ತಾರೆ. ಸಾವಿರಾರು ಚೀನೀ ಅಕ್ಷರಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಇದೇ. ಇದರೊಳಗೆ ನಮ್ಮ ಮನೆಯ ಪದವೊಂದಿದೆ. ನಾವು ಆ ಪದದ ಒಂದು ಮುಖವನ್ನು ಇಟ್ಟುಕೊಂಡೆವು, ಅವರು ಇನ್ನೊಂದನ್ನು.

ಮೊದಲು ಅದನ್ನು ಬರೆದು ನೋಡಬೇಕು. ಕಾಗದದ ಮೇಲುಭಾಗದ ನಡುವೆ ಒಂದು ಚುಕ್ಕೆ ಇಡಿ. ಅದರ ಕೆಳಗೆ ಅಡ್ಡಗೆರೆ ಎಳೆಯಿರಿ. ಆ ಅಡ್ಡಗೆರೆಯ ಎಡತುದಿಯಿಂದ ಕೆಳಕ್ಕೆ ಬಾಗಿ ಇಳಿಯುವ ಉದ್ದನೆಯ ಗೆರೆ ಎಳೆದರೆ ಒಂದೇ ಕಡೆ ಗೋಡೆಯಿರುವ ಚಪ್ಪರದಂಥ ಸೂರು ಸಿದ್ಧವಾಗುತ್ತದೆ. ಸೂರಿನಡಿ ಅಕ್ಕಪಕ್ಕ ಎರಡು ಪುಟ್ಟ ಮರಗಳನ್ನು ಬರೆಯಬೇಕು. ಒಂದೊಂದಕ್ಕೂ ಒಂದು ಅಡ್ಡಗೆರೆ, ಒಂದು ನೆಟ್ಟಗೆರೆ ಮತ್ತು ಎರಡು ಕಡೆ ಇಳಿಬಿದ್ದ ಕೊಂಬೆ. ನೋಡಲು ಮರದಂತಿದ್ದರೂ ಮೂಲದಲ್ಲಿ ಅವು ಮರಗಳಲ್ಲ. ಕೊಯ್ದು ತಂದು ನೆರಳಿನಲ್ಲಿ ತೂಗುಹಾಕಿದ ಸೆಣಬಿನ ಕಡ್ಡಿಗಳು. ಹಳೆಯ ಕಂಚಿನ ಪಾತ್ರೆಗಳ ಬರಹದಲ್ಲಿ ಕಡ್ಡಿಯಿಂದ ನಾರು ಸುಲಿದು ಬೇರೆಯಾಗುತ್ತಿರುವುದೂ ಕಾಣುತ್ತದೆ. ಸೂರು ಮತ್ತು ಕಡ್ಡಿ ಸೇರಿದರೆ ‘ಮಾ’, ಅಂದರೆ ಸೆಣಬು. ಹತ್ತಿ ಬರುವ ಮೊದಲು ಚೀನಾದ ಬಡವರ ಮೈಮುಚ್ಚಿದ ಬಟ್ಟೆ ಇದರ ನಾರಿನದೇ.

ಸೆಣಬಿನ ಕೆಳಗೆ ಇನ್ನೊಂದು ಆಕೃತಿ ಬರಬೇಕು. ಮೇಲೆ ಸಣ್ಣದೊಂದು ಓರೆಗೆರೆ, ಅದರ ಕೆಳಗೆ ನಾಲ್ಕು ಮಡಿಗಳ ಗದ್ದೆಯಂಥ ಚೌಕ, ಚೌಕಕ್ಕೆ ಎರಡು ಕಾಲು. ಬಲಗಾಲಿನ ಮಡಿಲಲ್ಲಿ ಮೂಗಿನಂತೆ ಸುತ್ತಿಕೊಂಡ ಪುಟ್ಟ ಕೊಕ್ಕೆ. ಇದು ‘ಗ್ವೇ’, ಅಂದರೆ ದೆವ್ವ. ಸುಮಾರು 3,200 ವರ್ಷಗಳ ಹಿಂದೆ ಶಾಂಗ್ ದೊರೆಗಳ ಕಾಲದಲ್ಲಿ ಆಮೆಚಿಪ್ಪು ಮತ್ತು ಎತ್ತಿನ ಮೂಳೆಗಳ ಮೇಲೆ ಶಕುನ ಕೇಳಿ ಬರೆದ ಅಕ್ಷರಗಳಲ್ಲೂ ಇದು ಸಿಗುತ್ತದೆ. ಆಗ ಅದು ಮನುಷ್ಯನ ಮೈಯ ಮೇಲೆ ಹೊಂದದಷ್ಟು ದೊಡ್ಡ ತಲೆಯ ಚಿತ್ರವಾಗಿತ್ತು. ಗದ್ದೆಯಂತೆ ಕಾಣುವುದು ಆ ತಲೆಯೇ. ನಮ್ಮ ಜಾತ್ರೆಗಳ ಸೋಮನ ಮುಖವಾಡ ನೋಡಿದವರಿಗೆ ಈ ತಲೆ ಅಪರಿಚಿತವೆನಿಸಲಾರದು.

ಅಕ್ಷರ ಮುಗಿಯಿತು. ಗೆರೆಗಳ ಲೆಕ್ಕ ಜಪಾನಿನಲ್ಲಿ 21, ಇಂದಿನ ಚೀನಾದಲ್ಲಿ 20. ದೆವ್ವದ ತಲೆಯ ನಡುಗೆರೆಯನ್ನೂ ಎಡಗಾಲನ್ನೂ ಚೀನೀಯರು ಕೈಯೆತ್ತದೆ ಒಂದೇ ಎಳೆತದಲ್ಲಿ ಬರೆಯುತ್ತಾರೆ, ಆದ್ದರಿಂದ ಒಂದು ಕಡಿಮೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ಚೀನೀ ಅಕ್ಷರವೆಂದರೆ ಚಿತ್ರ ಎಂದು ನಾವೆಲ್ಲ ಕೇಳಿದ್ದೇವೆ. ಹಾಗೆಂದುಕೊಂಡರೆ ‘ಸೂರಿನಲ್ಲಿ ತೂಗಿಬಿಟ್ಟ ಸೆಣಬಿನ ಕೆಳಗೆ ದೆವ್ವ ಅಡಗಿದೆ, ಅದೇ ಮಾರ’ ಎಂದು ಕಥೆ ಕಟ್ಟುವುದು ಸುಲಭ. ಕೇಳಲು ಚೆಂದ, ಆದರೆ ನಿಜವಲ್ಲ. ಈ ಅಕ್ಷರದಲ್ಲಿ ಸೆಣಬಿಗೆ ಅರ್ಥದ ಕೆಲಸವೇ ಇಲ್ಲ. ಅದು ಬಂದಿರುವುದು ದನಿಗಾಗಿ, ‘ಮ’ ಎಂದು ಹೇಳಿಸುವುದಕ್ಕಾಗಿ. ಅರ್ಥ ಹೇಳುವುದು ಕೆಳಗಿನ ದೆವ್ವ. ಒಂದು ಭಾಗ ಬಾಯಿಗೆ, ಇನ್ನೊಂದು ಭಾಗ ಬುದ್ಧಿಗೆ. ಚೀನೀ ಅಕ್ಷರಗಳಲ್ಲಿ ಬಹುಪಾಲು ಹುಟ್ಟಿರುವುದು ಈ ಜೋಡಣೆಯಿಂದಲೇ.

ಸೆಣಬಿನ ಸೂರಿನಡಿ ಯಾರನ್ನು ಕೂರಿಸುತ್ತೀರಿ ಎಂಬುದರ ಮೇಲೆ ಅಕ್ಷರ ಬದಲಾಗುತ್ತದೆ. ಕೈಯನ್ನು ಕೂರಿಸಿದರೆ ‘ಉಜ್ಜು, ಸವರು’ ಎಂಬ ಅರ್ಥದ ಮೋ. ಕಲ್ಲನ್ನು ಕೂರಿಸಿದರೆ ‘ಬೀಸು, ಅರೆ, ಮಸೆ’ ಎಂಬ ಮೋ. ಸೋಯಾ ಕಾಳು ಅರೆಯುವ ಬೀಸುಕಲ್ಲೂ ಅದೇ ಅಕ್ಷರ. ದೆವ್ವವನ್ನು ಕೂರಿಸಿದರೆ ಮಾರ. ಕೈ, ಕಲ್ಲು, ದೆವ್ವ ಎಂಬ ಈ ಮೂರರ ಸಂಬಂಧ ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಡೆಯ ಕಥೆ. ಮಾರ ಎಂಬ ಪದ ಸಂಸ್ಕೃತದ ‘ಮೃ’ ಧಾತುವಿನಿಂದ ಬಂದದ್ದು. ಮರಣ, ಮೃತ್ಯು, ಅಮರ ಎಲ್ಲವೂ ಅದೇ ಬೇರಿನ ಚಿಗುರು. ಮಾರ ಎಂದರೆ ಸಾಯಿಸುವವನು. ಆದರೆ ಬೌದ್ಧರ ಮಾರ ಯಮನ ಹಾಗೆ ಪ್ರಾಣ ಒಯ್ಯಲು ಬರುವವನಲ್ಲ. ಅವನು ಆಸೆಯ ಲೋಕದ ಒಡೆಯ. ಅವನ ಮೂವರು ಹೆಣ್ಣುಮಕ್ಕಳ ಹೆಸರು ತೃಷ್ಣೆ, ಅರತಿ, ರಾಗ. ಆಸೆ ಹುಟ್ಟಿಸಿ ಮತ್ತೆ ಮತ್ತೆ ಹುಟ್ಟುವಂತೆಯೂ ಸಾಯುವಂತೆಯೂ ಮಾಡುತ್ತಾನಾದ್ದರಿಂದ ಅವನು ಕೊಲ್ಲುವವನು. ಅಶ್ವಘೋಷ ‘ಬುದ್ಧಚರಿತ’ದ ಹದಿಮೂರನೆಯ ಸರ್ಗದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಲೋಕ ಕಾಮದೇವನೆಂದು ಕರೆಯುವ ಹೂಬಾಣದವನೇ ಮೋಕ್ಷದ ಶತ್ರು, ಅವನೇ ಮಾರ. ಅಮರಕೋಶವೂ ಮಾರನನ್ನು ಮನ್ಮಥನ ಹೆಸರುಗಳ ಸಾಲಿನಲ್ಲೇ ಇಟ್ಟಿದೆ.

ಕನ್ನಡ ಈ ಹೂಬಾಣದ ಮುಖವನ್ನು ಅಪ್ಪಿಕೊಂಡಿತು. ನಮ್ಮ ಕಾವ್ಯಗಳಲ್ಲಿ ಮಾರ ಬಂದನೆಂದರೆ ವಸಂತ, ಕೋಗಿಲೆ, ತಂಗಾಳಿ, ವಿರಹ. ಶಿವನನ್ನು ಮಾರಹರ, ಮಾರಾರಿ ಎಂದು ಹೊಗಳುವಾಗಲೂ ಉರಿದುಹೋದ ಮಾರನ ಮೇಲೆ ಒಂದಿಷ್ಟು ಮರುಕ ಉಳಿದೇ ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಹೋಳಿ ಬಂದರೆ ರತಿ-ಕಾಮಣ್ಣರನ್ನು ಕೂರಿಸುತ್ತಾರೆ, ಹಲಗೆ ಬಾರಿಸುತ್ತಾರೆ, ಕೊನೆಗೆ ಸುಡುತ್ತಾರೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊರುವವರೂ ಇದ್ದಾರೆ. ಮಾರನಿಗೆ ‘ಅಣ್ಣ’ ಎಂದು ಕರೆಯುವ ನಾಡು ನಮ್ಮದು. ಸಾವಿನ ಮುಖ ಮಾತ್ರ ಬೇರೆ ಪದಗಳ ಪಾಲಾಯಿತು: ಮಾರಕ ರೋಗ, ಮಾರಣಹೋಮ. ಮಾರಕಕ್ಕೂ ಮಾರನಿಗೂ ನಂಟಿದೆ ಎಂದು ದಿನಪತ್ರಿಕೆ ಓದುವಾಗ ನಮಗೆ ಹೊಳೆಯುವುದೇ ಇಲ್ಲ.

ಚೀನಾಕ್ಕೆ ಹೋದ ಮಾರನಿಗೆ ಹೂಬಾಣ ಸಿಗಲಿಲ್ಲ, ದೆವ್ವದ ತಲೆ ಸಿಕ್ಕಿತು. ಅದು ಹೇಗೆ ಎಂದು ತಿಳಿಯಲು ಅನುವಾದಕರ ಪಾಡನ್ನು ನೋಡಬೇಕು.

ಬೌದ್ಧ ಗ್ರಂಥಗಳ ಚೀನೀ ಅನುವಾದ ಕ್ರಿ.ಶ. ಎರಡನೆಯ ಶತಮಾನದಿಂದ ಸುಮಾರು ಒಂಬೈನೂರು ವರ್ಷ ನಡೆಯಿತು. ದೊಡ್ಡ ಹೆಸರುಗಳಲ್ಲಿ ಕುಮಾರಜೀವ ಒಬ್ಬ. ತಂದೆ ಭಾರತದವನು, ತಾಯಿ ಮರುಭೂಮಿಯ ಅಂಚಿನ ಕುಚಾ ರಾಜ್ಯದ ರಾಜಕುಮಾರಿ. 401ರಲ್ಲಿ ಚಾಂಗಾನ್ ನಗರಕ್ಕೆ ಬಂದು, ಸಾಯುವವರೆಗೂ ನೂರಾರು ವಿದ್ವಾಂಸರನ್ನು ಸುತ್ತ ಕೂರಿಸಿಕೊಂಡು ಅನುವಾದ ಮಾಡಿದ. ಅನುವಾದವೆಂದರೆ ಅನ್ನವನ್ನು ಅಗಿದು ಇನ್ನೊಬ್ಬರ ಬಾಯಿಗೆ ಇಡುವಂತೆ, ರುಚಿ ಹೋಗುವುದಷ್ಟೇ ಅಲ್ಲ, ವಾಕರಿಕೆಯೂ ಬರುತ್ತದೆ ಎಂದು ಅವನೇ ನೊಂದುಕೊಂಡಿದ್ದನಂತೆ. ಎರಡು ಭಾಷೆಗಳ ನಡುವೆ ಒಮ್ಮೆಯಾದರೂ ಒದ್ದಾಡಿದವರಿಗೆ ಈ ನೋವಿನ ಪರಿಚಯವಿದೆ.

ಸಂಸ್ಕೃತದ ಹೆಸರುಗಳನ್ನು ಬರೆಯುವುದೇ ದೊಡ್ಡ ತೊಡಕು. ದನಿಯನ್ನು ಬಿಡಿಸಿ ಬರೆಯುವ ನಮ್ಮಂಥ ಅಕ್ಷರಮಾಲೆ ಅವರಲ್ಲಿಲ್ಲ. ಪ್ರತಿ ಅಕ್ಷರಕ್ಕೂ ಅದರದೇ ಅರ್ಥವಿರುತ್ತದೆ. ಹಾಗಾಗಿ ಎರಡು ದಾರಿ: ಅರ್ಥ ಹಿಡಿದು ಹೊಸ ಪದ ಕಟ್ಟುವುದು, ಇಲ್ಲವೇ ದನಿಗೆ ಹತ್ತಿರದ ಅಕ್ಷರಗಳನ್ನು ಪೋಣಿಸಿ, ಅವುಗಳ ಅರ್ಥವನ್ನು ಮರೆತುಬಿಡಿ ಎಂದು ಓದುಗರನ್ನು ಕೇಳಿಕೊಳ್ಳುವುದು. ಮಾರನಿಗೆ ಎರಡೂ ಆಯಿತು. ‘ಕೊಲ್ಲುವವನು’, ‘ಆಯಸ್ಸು ಕಸಿಯುವವನು’, ‘ಅಡ್ಡಿ’ ಎಂಬ ಅರ್ಥಾನುವಾದಗಳು ವ್ಯಾಖ್ಯಾನಗಳಲ್ಲಿ ಉಳಿದವು. ಬಾಯಲ್ಲಿ ನಿಂತದ್ದು ದನಿ. ಚೀನೀ ನಾಲಿಗೆಯಲ್ಲಿ ನಮ್ಮ ‘ರ’ ಇಲ್ಲ, ಅದರ ಜಾಗಕ್ಕೆ ‘ಲ’ ಬಂತು. ಆ ಕಾಲದ ಉಚ್ಚಾರದಲ್ಲಿ ‘ಮ-ಲ’ ಎಂಬಂತೆ ಕೇಳುತ್ತಿದ್ದ ಆ ಜೋಡಿ ಇಂದು ‘ಮೋ-ಲೋ’. ಎರಡನೆಯ ಅಕ್ಷರದ ಸ್ವಂತ ಅರ್ಥ ಬಲೆ. ಕಾಲಕ್ರಮದಲ್ಲಿ ಅದು ಉದುರಿಹೋಗಿ ಮೊದಲನೆಯದೊಂದೇ ಸಾಕಾಯಿತು.

ಆ ಮೊದಲನೆಯ ಅಕ್ಷರವನ್ನು ಹಳೆಯ ಅನುವಾದಗಳಲ್ಲಿ ಕಲ್ಲು ಇಟ್ಟು ಬರೆಯುತ್ತಿದ್ದರು. ಅಂದರೆ ಮಾರ ಮೊದಲು ಚೀನಾದಲ್ಲಿ ಬೀಸುಕಲ್ಲಾಗಿದ್ದ! ಎಂಟನೆಯ ಶತಮಾನದ ತಿಯೆನ್‌ತಾಯ್ ಪಂಥದ ಭಿಕ್ಷು ಝಾನ್‌ರಾನ್ ಇದನ್ನು ದಾಖಲಿಸಿದ್ದಾನೆ. ಹಳೆಯ ಗ್ರಂಥಗಳಲ್ಲಿ ಕಲ್ಲು ಇತ್ತು, ಲಿಯಾಂಗ್ ವಂಶದ ವೂ ದೊರೆಯ ಕಾಲದಿಂದ ಅದು ದೆವ್ವವಾಯಿತು, ಮನುಷ್ಯರನ್ನು ಕಾಡುವವನಾದ್ದರಿಂದ ಅವನ ಅಕ್ಷರದಲ್ಲಿ ದೆವ್ವವೇ ಇರಬೇಕೆಂದು ಹಾಗೆ ಮಾಡಿದರು ಎನ್ನುತ್ತಾನೆ.

ವೂ ದೊರೆ 502ರಿಂದ 549ರವರೆಗೆ ಇಂದಿನ ನಾನ್‌ಜಿಂಗ್‌ನಿಂದ ಆಳಿದವನು. ಮಾಂಸ ಬಿಟ್ಟ, ಮದ್ಯ ಬಿಟ್ಟ. ಸಿಂಹಾಸನವನ್ನೇ ಬಿಟ್ಟು ಮಠದ ಸೇವಕನಾಗಿ ತನ್ನನ್ನು ಒಪ್ಪಿಸಿಕೊಂಡ, ಅದೂ ಒಂದಕ್ಕಿಂತ ಹೆಚ್ಚು ಸಲ. ಮಂತ್ರಿಗಳು ಮಠಕ್ಕೆ ಹಣ ಸುರಿದು ದೊರೆಯನ್ನು ಬಿಡಿಸಿ ತರಬೇಕಾಯಿತು. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮ ಭೇಟಿಯಾದದ್ದು ಇವನನ್ನೇ ಎಂದು ಝೆನ್ ಪರಂಪರೆಯ ಐತಿಹ್ಯ ಹೇಳುತ್ತದೆ. ಕೊನೆಗೆ ದಂಗೆಯೆದ್ದ ಸೇನಾಪತಿಯ ಸೆರೆಯಲ್ಲಿ, ತನ್ನ ಅರಮನೆಯಲ್ಲೇ ಹಸಿದು ಸತ್ತ. ಒಬ್ಬ ದೊರೆಯ ಅಪ್ಪಣೆಯಿಂದ ಅಕ್ಷರ ಬದಲಾಯಿತು ಎನ್ನುವುದು ಪರಂಪರೆಯ ಮಾತು. ಲಿಪಿ ಬದಲಾಗುವುದು ಸಾಮಾನ್ಯವಾಗಿ ಹೆಸರಿಲ್ಲದ ನೂರಾರು ಲಿಪಿಕಾರರ ಕೈಯಲ್ಲಿ. ಆದರೂ ಆ ಮಾತಿನಲ್ಲಿ ತಿರುಳಿದೆ. ದನಿಗೆಂದು ಎರವಲು ತಂದ ಅಕ್ಷರದೊಳಗಿನ ಕಲ್ಲು ಯಾರಿಗೋ ಚುಚ್ಚಿತು. ಅರ್ಥವಿಲ್ಲದ ದನಿ ಆ ಲಿಪಿಗೆ ಒಗ್ಗದು. ದನಿಯನ್ನು ಹಾಗೇ ಬಿಟ್ಟು ಅರ್ಥವನ್ನು ಸರಿಪಡಿಸಿದರು. ಸಂಸ್ಕೃತದ ಪದವೊಂದು ಚೀನೀ ಲಿಪಿಯಲ್ಲಿ ತನ್ನದೇ ಮನೆ ಕಟ್ಟಿಸಿಕೊಂಡದ್ದು ಹೀಗೆ.

ಇಂಥ ಮನೆ ಸಿಕ್ಕಿದ್ದು ಮಾರನೊಬ್ಬನಿಗೇ ಅಲ್ಲ. ಸ್ತೂಪಕ್ಕೆಂದು ಮಣ್ಣಿನ ಗುರುತು ಸೇರಿಸಿ ‘ತಾ’ ಎಂಬ ಅಕ್ಷರ ಮಾಡಿಕೊಂಡರು. ಸನ್ನತಿಯಲ್ಲಿ, ಸಾಂಚಿಯಲ್ಲಿ ಸ್ತೂಪ ನೋಡಿದವರಿಗೆ ಒಂದು ಸಂಗತಿ ಹೇಳಬೇಕೆನಿಸುತ್ತದೆ: ಐಫೆಲ್ ಗೋಪುರಕ್ಕೆ ಚೀನೀಯರು ಬಳಸುವುದೂ ಅದೇ ಅಕ್ಷರವನ್ನು, ಅವರ ಬಾಯಲ್ಲಿ ಅದು ‘ಕಬ್ಬಿಣದ ಸ್ತೂಪ’. ಸಂಘದಿಂದ ‘ಸೆಂಗ್’ ಬಂತು, ಸನ್ಯಾಸಿ ಎಂಬ ಅರ್ಥದಲ್ಲಿ. ಮಲ್ಲಿಕಾ ಎಂಬ ಹೂವಿಗೆ ಹುಲ್ಲಿನ ಗುರುತು ಹೊತ್ತ ಎರಡು ಅಕ್ಷರಗಳು ಸಿಕ್ಕಿ ಅದು ‘ಮೋ-ಲಿ’ ಆಯಿತು. ಚೀನೀ ಹೋಟೆಲಿನಲ್ಲಿ ಮಲ್ಲಿಗೆ ಚಹಾ ಕೇಳುವವರು ಮೋ-ಲಿ ಎನ್ನುವಾಗ ನಮ್ಮ ಮಲ್ಲಿಗೆಯ ಅಕ್ಕನನ್ನೇ ಕರೆಯುತ್ತಿರುತ್ತಾರೆ.

ಅನುವಾದಕರಲ್ಲಿ ಎಲ್ಲರಿಗಿಂತ ದೊಡ್ಡವನು ಹ್ಯೂಯೆನ್ ತ್ಸಾಂಗ್. ಐದು ಬಗೆಯ ಪದಗಳನ್ನು ಅನುವಾದಿಸದೆ ದನಿಯಲ್ಲೇ ಇಡಬೇಕು ಎಂಬ ನಿಯಮ ಅವನ ಹೆಸರಿನಲ್ಲಿದೆ. ಮಂತ್ರಗಳು, ಹಲವು ಅರ್ಥಗಳ ಪದಗಳು, ಜಂಬೂ ಮರದಂತೆ ಚೀನಾದಲ್ಲಿ ಇಲ್ಲದ ವಸ್ತುಗಳು, ಹಿಂದಿನಿಂದ ರೂಢಿಯಾದವು, ಅನುವಾದಿಸಿದರೆ ಗೌರವ ತಗ್ಗುವಂಥವು. ‘ಪ್ರಜ್ಞಾ’ ಎಂಬುದನ್ನು ‘ಬುದ್ಧಿವಂತಿಕೆ’ ಎಂದರೆ ಹಗುರಾಗುತ್ತದೆ ಎಂಬುದು ಕೊನೆಯ ನಿಯಮದ ಕಾಳಜಿ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ನಾವು ಇಂದಿಗೂ ಪಾಲಿಸಬಹುದಾದಷ್ಟು ಹದವಾದ ನಿಯಮಗಳಿವು.

ಈ ಹ್ಯೂಯೆನ್ ತ್ಸಾಂಗ್ ಸುಮಾರು 641ರಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ ಎಂಬುದನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸುವುದು, ಹರ್ಷವರ್ಧನನಿಗೂ ಈ ಜನ ಬಗ್ಗಲಿಲ್ಲ ಎಂಬುದು ಅವನ ಬರಹದಲ್ಲಿದೆ. ಹರ್ಷನ ಸೋಲನ್ನು 634ರ ಐಹೊಳೆ ಶಾಸನವೂ ಹೇಳುತ್ತದೆ. ಶಾಲೆಯಲ್ಲಿ ಯಾರೂ ಹೇಳದೆ ಬಿಟ್ಟದ್ದು, ಅವನು ಆ ಹೆಸರುಗಳನ್ನು ಬರೆದುಕೊಂಡದ್ದು ಹೇಗೆ ಎಂಬುದನ್ನು. ಪುಲಕೇಶಿ ನಾಲ್ಕು ಅಕ್ಷರಗಳಲ್ಲಿ ಬರುತ್ತಾನೆ, ಇಂದಿನ ಉಚ್ಚಾರದಲ್ಲಿ ‘ಬು-ಲೋ-ಜಿ-ಶ’. ಅದರ ‘ಲೋ’ ಮಾರನ ಹೆಸರಿನ ಬಾಲದಲ್ಲಿದ್ದ ಅದೇ ಬಲೆಯ ಅಕ್ಷರ. ರಾಜ್ಯವನ್ನು ಅವನು ಮಹಾರಾಷ್ಟ್ರ ಎಂದು ಕರೆದ. ‘ಮಹಾ’ದ ಮೊದಲ ದನಿಗೆ ಸೆಣಬಿನ ಸೂರಿನಡಿ ಕೈ ಇರುವ ಮೋ ಅಕ್ಷರವನ್ನು ಆರಿಸಿಕೊಂಡ. ಒಂದೇ ಸೂರು, ಕೆಳಗೆ ಕೈ ಇದ್ದರೆ ಪುಲಕೇಶಿಯ ನಾಡು, ದೆವ್ವ ಇದ್ದರೆ ಮಾರ. ಮೋಟಾರ್ ಸೈಕಲ್ಲಿನ ಚೀನೀ ಹೆಸರಿನ ‘ಮೋ’ ಕೂಡ ಇಂದು ಇದೇ ಕೈಯ ಅಕ್ಷರ ಎಂದು ತಿಳಿದಾಗ ನನಗೆ ಸಂತೋಷವಾಯಿತು.

ದೆವ್ವದ ಮೋ ಅಕ್ಷರ ನಿಘಂಟು ಸೇರಲು ಇನ್ನೂ ಕಾಯಬೇಕಾಯಿತು. ಶೂ ಶೆನ್ ಕ್ರಿ.ಶ. 100ರ ಸುಮಾರಿಗೆ ಮುಗಿಸಿದ ಮೊದಲ ದೊಡ್ಡ ಅಕ್ಷರಕೋಶದಲ್ಲಿ ಅದು ಇಲ್ಲ. ಇರುವಂತೆಯೂ ಇರಲಿಲ್ಲ. 986ರಲ್ಲಿ ಶೂ ಶ್ವೆನ್ ಆ ಕೋಶವನ್ನು ಪರಿಷ್ಕರಿಸಿ 402 ಹೊಸ ಅಕ್ಷರಗಳನ್ನು ಸೇರಿಸಿದಾಗ ಮಾರನಿಗೂ ಜಾಗ ಸಿಕ್ಕಿತು. ವಿವರಣೆ ತೀರ ಚಿಕ್ಕದು: ಅವನೊಂದು ದೆವ್ವ, ಅಷ್ಟೆ. ಹೂಬಾಣ, ಹೆಣ್ಣುಮಕ್ಕಳು, ಬೋಧಿವೃಕ್ಷ ಯಾವುದರ ಸುಳಿವೂ ಇಲ್ಲ. ಹೊರಗಿನಿಂದ ಬಂದವನು ಎಂದೂ ಇಲ್ಲ.

ನಿಘಂಟು ಮರೆತರೂ ಗೋಡೆಗಳು ಮರೆತಿರಲಿಲ್ಲ. ಡುನ್‌ಹುವಾಂಗ್‌ನ 254ನೆಯ ಗುಹೆಯ ದಕ್ಷಿಣ ಗೋಡೆಯಲ್ಲಿ ಮಾರವಿಜಯದ ಚಿತ್ರವಿದೆ. ನಡುವೆ ಕದಲದೆ ಕುಳಿತ ಬುದ್ಧ, ಸುತ್ತ ಪ್ರಾಣಿಮುಖಗಳ ದಂಡು. ಕೆಳಗೆ ಒಂದು ಕಡೆ ಮೂವರು ಚೆಲುವೆಯರು, ಇನ್ನೊಂದು ಕಡೆ ಅದೇ ಮೂವರು ಹಣ್ಣುಹಣ್ಣು ಮುದುಕಿಯರಾಗಿ ನಿಂತಿದ್ದಾರೆ. ಆಸೆ ಮತ್ತು ಸಾವು ಎರಡನ್ನೂ ಆ ಚಿತ್ರಗಾರ ಒಂದೇ ಗೋಡೆಯಲ್ಲಿ ಹಿಡಿದಿದ್ದ.

ಮಾರ ಮಠದಿಂದ ಬೀದಿಗೆ ಇಳಿದದ್ದು ಕಥೆಗಳ ಜೊತೆ. ಹದಿನಾರನೆಯ ಶತಮಾನದ ‘ಪಶ್ಚಿಮ ಯಾತ್ರೆ’ ಕಾದಂಬರಿಯನ್ನು ಓದದ, ನೋಡದ, ಕೇಳದ ಚೀನೀ ಮಗು ಇರಲಾರದು. ಅದರಲ್ಲಿ ಗ್ರಂಥ ತರಲು ಭಾರತಕ್ಕೆ ಹೊರಟ ಭಿಕ್ಷು ನಮ್ಮ ಹ್ಯೂಯೆನ್ ತ್ಸಾಂಗ್‌ನೇ. ದಾರಿಯುದ್ದಕ್ಕೂ ಅವನನ್ನು ತಿನ್ನಲು ಕಾದಿರುವವರು ಮೋಗಳು. ಅವರಲ್ಲಿ ಹೆಸರಾದವನು ಗೂಳಿ ಮೋ-ರಾಜ. ಅವನ ಹೆಂಡತಿ ಕಬ್ಬಿಣದ ಬೀಸಣಿಗೆಯ ರಾಜಕುಮಾರಿ, ಆಕೆಗೆ ‘ಲೋ-ಚಾ’ ಎಂಬ ಹೆಸರೂ ಇದೆ. ಲೋ-ಚಾ ಎಂದರೆ ರಾಕ್ಷಸಿ, ನಮ್ಮ ಪದವೇ. ಗಂಡನ ಹೆಸರಿನಲ್ಲಿ ಮಾರ, ಹೆಂಡತಿಯ ಹೆಸರಿನಲ್ಲಿ ರಾಕ್ಷಸಿ. ಭಾರತದ ಎರಡು ಪದಗಳು ಚೀನಾದ ಉರಿಯುವ ಬೆಟ್ಟದ ಬಳಿ ಸಂಸಾರ ಹೂಡಿವೆ.

ಧ್ಯಾನಿಗಳಿಗೆ ಹೇಳುತ್ತಿದ್ದ ಎಚ್ಚರಿಕೆಯೊಂದು ಗಾದೆಯಾಗಿ ನಿಂತಿದೆ: ಸಾಧನೆ ಒಂದು ಅಡಿ ಏರಿದರೆ ಮೋ ಹತ್ತು ಅಡಿ ಏರುತ್ತಾನೆ. ಇಂದು ಪತ್ರಿಕೆಗಳು ಕಳ್ಳರ ಜಾಣ್ಮೆಯ ಮುಂದೆ ಪೊಲೀಸರು ಹಿಂದೆ ಬಿದ್ದಾಗ ಇದನ್ನು ಬಳಸುತ್ತವೆ. ಪೊಲೀಸರು ಗೆದ್ದ ದಿನ ಗಾದೆಯನ್ನು ತಿರುಗಿಸಿ, ಮೋಗೆ ಒಂದು ಅಡಿ ಕೊಟ್ಟು ಧರ್ಮಕ್ಕೆ ಹತ್ತು ಅಡಿ ಕೊಡುತ್ತವೆ. ಇನ್ನೊಂದು ಮಾತು, ಒಳ್ಳೆಯ ಕೆಲಸಕ್ಕೆ ಮೋ ಜಾಸ್ತಿ ಎಂಬುದು. ‘ಶ್ರೇಯಾಂಸಿ ಬಹು ವಿಘ್ನಾನಿ’ ಎಂದು ನಾವು ಮದುವೆ ಮುಂದೆ ಹೋದಾಗ, ಮನೆ ಕಟ್ಟುವುದು ನಿಂತಾಗ ಹೇಳುವ ಮಾತೇ ಇದು. ಹಳೆಯ ಪುಸ್ತಕಗಳಲ್ಲಿ ಇದರ ಮೋ ಕೆಲವೊಮ್ಮೆ ದೆವ್ವದ್ದು, ಇಂದಿನ ಬಳಕೆಯಲ್ಲಿ ಕಲ್ಲಿನದು. ಒಳ್ಳೆಯ ಕೆಲಸವನ್ನು ದೆವ್ವ ಕಾಡುತ್ತದೆಯೋ, ಬೀಸುಕಲ್ಲು ಅರೆಯುತ್ತದೆಯೋ? ಒಂದು ಕಾಲಕ್ಕೆ ಕಲ್ಲನ್ನು ತಳ್ಳಿ ದೆವ್ವ ಕೂತಿತು, ಈ ಗಾದೆಯಲ್ಲಿ ದೆವ್ವವನ್ನು ತಳ್ಳಿ ಕಲ್ಲು ಮರಳಿತು.

ಯೋಗ, ಪ್ರಾಣಾಯಾಮದಂಥ ಒಳಸಾಧನೆ ಹದ ತಪ್ಪಿದವರಿಗೆ ‘ಬೆಂಕಿ ದಾರಿ ಬಿಟ್ಟಿತು, ಮೋ ಒಳಹೊಕ್ಕ’ ಎನ್ನುತ್ತಿದ್ದರು. ಈಗ ಮೊಬೈಲ್ ಆಟದಲ್ಲಿ ಮುಳುಗಿದ ಮಗನನ್ನು ಬೈಯುವ ತಾಯಿಯೂ ಅದೇ ನಾಲ್ಕಕ್ಷರ ಬಳಸುತ್ತಾಳೆ. ನಾವು ಗೀಳು ಹಿಡಿದಿದೆ, ಹುಚ್ಚು ಹತ್ತಿದೆ ಎನ್ನುವಲ್ಲಿ ಅವರದು ‘ಮೋ ಹಿಡಿದಿದೆ’. ಒಂಬತ್ತನೆಯ ಶತಮಾನದ ಕವಿ ಬಾಯ್ ಜ್ಯೂಯಿ ಇದನ್ನು ತನ್ನ ಮೇಲೇ ಹೇಳಿಕೊಂಡಿದ್ದಾನೆ. ಬೌದ್ಧ ಧರ್ಮವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ ಎಲ್ಲ ಆಸೆಗಳನ್ನೂ ತೊಳೆದುಕೊಂಡ ಮೇಲೂ ಕವಿತೆಯ ಮೋ ಮಾತ್ರ ತನ್ನಿಂದ ಸೋಲಲಿಲ್ಲವಂತೆ. ಗಾಳಿ ಬೀಸಿದರೆ, ಚಂದ್ರ ಮೂಡಿದರೆ ಅವನು ಹಾಡಲೇಬೇಕು. ‘ಕವಿತೆಯ ಮಾರ’ ಎಂಬುದೇ ಅವನ ಬಿರುದಾಗಿ ಉಳಿಯಿತು. ಈ ಮಾತಿನ ಎದುರು ನಾನು ಪ್ರತಿ ಸಲ ನಿಲ್ಲುತ್ತೇನೆ. ದೆವ್ವದ ತಲೆ ಅಂಟಿಸಿದರೂ ಒಳಗಿನ ಹೂಬಾಣ ಸತ್ತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಇಂದಿನ ಚೀನಾದಲ್ಲಿ ಈ ಅಕ್ಷರ ಎಲ್ಲಿಲ್ಲ! ಜಾದೂ ‘ಮೋ-ಶು’, ಮಾರವಿದ್ಯೆ. ಆರು ಬಣ್ಣದ ರೂಬಿಕ್ ಘನ ‘ಮೋ-ಫಾಂಗ್’, ಮಾರಚೌಕ. ಮಕ್ಕಳ ಸ್ಯಾಂಡಲ್ಲಿನಲ್ಲಿ ಪರಪರ ಎಂದು ಬಿಚ್ಚಿಕೊಳ್ಳುವ ವೆಲ್ಕ್ರೋ ಪಟ್ಟಿಗೂ ಮೋ-ಶು ಹೆಸರಿದೆ. ಹ್ಯಾರಿ ಪಾಟರ್‌ನ ಮೊದಲ ಪುಸ್ತಕ 2000ರಲ್ಲಿ ಚೀನೀ ಭಾಷೆಗೆ ಬಂದಾಗ ಅದರ ಹೆಸರಿನ ಕಲ್ಲು ‘ಮೋ-ಫಾ’ದ ಕಲ್ಲಾಯಿತು. ಬೈಬಲ್ಲಿನ ಸೈತಾನನಿಗೂ ‘ಮೋ-ಗ್ವೇ’ ಎನ್ನುತ್ತಾರೆ, ಮಾರ-ದೆವ್ವ ಎಂದು. ಕ್ಯಾನ್ಸರ್ ರೋಗಿಯೊಬ್ಬರು ಚೇತರಿಸಿಕೊಂಡರೆ ಪತ್ರಿಕೆ ‘ಬಿಂಗ್-ಮೋ’ವನ್ನು, ಅಂದರೆ ರೋಗವೆಂಬ ಮಾರನನ್ನು ಗೆದ್ದರು ಎಂದು ಬರೆಯುತ್ತದೆ. ನಾವು ‘ಮಾರಕ ರೋಗ ಗೆದ್ದವರು’ ಎಂದು ಬರೆಯುತ್ತೇವೆ. ಎರಡು ದೇಶಗಳ ವರದಿಗಾರರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಧಾತುವಿಗೆ ಕೈಹಾಕುತ್ತಾರೆ.

ಅಡುಗೆಮನೆಯಲ್ಲೂ ಮಾರನಿದ್ದಾನೆ. ‘ಮೋ-ಯೂ’ ಎಂದರೆ ಮಾರಗೆಡ್ಡೆ. ಸಿಚುವಾನ್ ಕಡೆ ಅದರ ಹಿಟ್ಟನ್ನು ಸುಣ್ಣದಂಥ ಕ್ಷಾರದ ನೀರಿನಲ್ಲಿ ಬೇಯಿಸಿ ಗಟ್ಟಿ ಮಾಡಿ, ತುಂಡು ಕತ್ತರಿಸಿ ಬಾತುಕೋಳಿಯ ಮಾಂಸದ ಜೊತೆ ಖಾರವಾಗಿ ಮಾಡುತ್ತಾರೆ. ಜಪಾನೀಯರ ಕೊನ್ಯಾಕು ಇದೇ. ಗಿಡದ ಪರಿಚಯ ನಮಗೂ ಉಂಟು. ನಮ್ಮ ಸುವರ್ಣಗೆಡ್ಡೆಯೂ ಇದೂ ಒಂದೇ ಕುಲದವು. ಹಸಿಯಾಗಿ ತಿಂದರೆ ಬಾಯಿ, ಗಂಟಲು ತುರಿಸುವ ಸ್ವಭಾವ ಎರಡಕ್ಕೂ ಇದೆ. ಗೆಡ್ಡೆಯೊಳಗಿನ ಸೂಜಿಯಂಥ ಹರಳುಗಳು ಅದಕ್ಕೆ ಕಾರಣ. ನಮ್ಮವರು ಹುಣಸೆಹುಳಿಯಿಂದ ತುರಿಕೆಯನ್ನು ಪಳಗಿಸಿದರು, ಅವರು ಕ್ಷಾರದಿಂದ. ಆ ಗೆಡ್ಡೆಯಲ್ಲಿ ನಾವು ಸುವರ್ಣ ಕಂಡೆವು, ಅವರು ಮಾರನನ್ನು ಕಂಡರು.

ಶಾಂಘೈ ನಗರಕ್ಕೆ ‘ಮೋ-ದು’, ಮಾರಪಟ್ಟಣ, ಎಂಬ ಅಡ್ಡಹೆಸರಿದೆ. ಅದನ್ನು ಕೊಟ್ಟವನು ಜಪಾನಿನ ಲೇಖಕ ಮುರಾಮಾತ್ಸು ಶೋಫು. 1923ರಲ್ಲಿ ಶಾಂಘೈಗೆ ಬಂದು, ಅದರ ದೀಪ, ಜೂಜು, ಹೊಲಸು, ಹೊಳಪು ಎಲ್ಲಕ್ಕೂ ಮರುಳಾಗಿ 1924ರಲ್ಲಿ ‘ಮಾತೋ’ ಎಂಬ ಪುಸ್ತಕ ಪ್ರಕಟಿಸಿದ. ಹೆಸರು ಬಹುಕಾಲ ಮಲಗಿತ್ತು. ಈ ಶತಮಾನದ ಯುವಜನ ಅದನ್ನು ಎಬ್ಬಿಸಿ ಹೆಮ್ಮೆಯಿಂದ ತೊಟ್ಟುಕೊಂಡರು. ಮನೆ ಬಾಡಿಗೆ ಹಿಂಡುತ್ತದೆ, ಕೆಲಸ ಹಿಂಡುತ್ತದೆ, ಆದರೂ ಬಿಟ್ಟು ಹೋಗಲು ಮನಸ್ಸಾಗದ ಊರು. ಸೆಳೆಯುತ್ತಲೇ ಕೊಲ್ಲುವವನನ್ನೇ ಅಲ್ಲವೇ ಅಶ್ವಘೋಷ ಮಾರ ಎಂದದ್ದು? ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಊರಿಗೆ ಮರಳುವ ಮಾತಾಡುತ್ತಲೇ ಇರುವವರಿಗೆ ಆ ಅಡ್ಡಹೆಸರು ಬೇಗ ಅರ್ಥವಾಗುತ್ತದೆ.

ಚೀನಾದಲ್ಲಿ ‘ಮ’ ಹೋಗಿ ‘ಮೋ’ ಆಯಿತು, ಆದರೆ ಅಂಚಿನ ದೇಶಗಳು ಹಳೆಯ ದನಿಯನ್ನು ಉಳಿಸಿಕೊಂಡವು. ಕೊರಿಯಾದಲ್ಲಿ ಈ ಅಕ್ಷರದ ಓದು ‘ಮಾ’. ಅಲ್ಲಿನ ಫುಟ್ಬಾಲ್ ಅಭಿಮಾನಿಗಳ ಕೆಂಪಂಗಿಯ ಪಡೆ ‘ಅಂಗ್‌ಮಾ’, ಕೆಟ್ಟ ಮಾರರು ಎಂದೇ ಕರೆದುಕೊಳ್ಳುತ್ತದೆ. ವಿಯೆಟ್ನಾಮಿನಲ್ಲಿ ‘ಮಾ’ ಎಂದರೆ ದೆವ್ವ. ಆ ಭಾಷೆಯ ದನಿಯ ಏರಿಳಿತ ಕಲಿಯುವವರು ಮೊದಲ ಪಾಠದಲ್ಲೇ ದೆವ್ವಕ್ಕೂ ಅಮ್ಮನಿಗೂ ಇರುವ ವ್ಯತ್ಯಾಸವನ್ನು ‘ಮಾ’ ‘ಮಾ’ ಎಂದು ಹೇಳಿ ಹೇಳಿ ರೂಢಿಸಿಕೊಳ್ಳಬೇಕು.

ಜಪಾನಿನಲ್ಲಿ ಅವನು ಇನ್ನೂ ಆಳಕ್ಕೆ ಹೋಗಿದ್ದಾನೆ. ಬಿಸಿನೀರಿನ ಫ್ಲಾಸ್ಕು ‘ಮಾಹೋಬಿನ್’, ಮಾರವಿದ್ಯೆಯ ಶೀಷೆ. ಒಳ್ಳೆಯವನೊಬ್ಬ ಒಂದು ಗಳಿಗೆ ಜಾರಿ ಅಂಗಡಿಯ ವಸ್ತು ಎತ್ತಿಕೊಂಡರೆ ‘ಮಾ ಗ ಸಾಸು’ ಎನ್ನುತ್ತಾರೆ, ಮಾರ ಸುಳಿದ ಎಂದು. ಪ್ರಾಣ ಹೋಗುವ ಕ್ಷಣದ ಸಂಕಟಕ್ಕೆ ‘ದಾನ್-ಮಾತ್ಸು-ಮಾ’ ಎಂಬ ಪದವಿದೆ. ಅದರ ಕೊನೆಯಲ್ಲೂ ಇದೇ ಅಕ್ಷರ, ಆದರೆ ಅಲ್ಲಿರುವವನು ಮಾರನಲ್ಲ. ‘ಮಾತ್ಸು-ಮಾ’ ನಮ್ಮ ‘ಮರ್ಮ’. ಮರ್ಮ ಕಡಿದಾಗಿನ ನೋವು ಎಂಬುದು ಆ ಪದದ ಅರ್ಥ. ಮರ್ಮವನ್ನು ದನಿಯಲ್ಲಿ ಬರೆಯುವಾಗ ಕೊನೆಯ ‘ಮ’ಕ್ಕೆ ಮಾರನ ಅಕ್ಷರವನ್ನೇ ಕರೆದಿದ್ದಾರೆ. ಮರ್ಮವೂ ಅದೇ ಮೃ ಧಾತುವಿನದು ಎಂದು ನಮ್ಮ ವೈಯಾಕರಣರು ಹೇಳುತ್ತಾರೆ. ಸಂಸ್ಕೃತದಲ್ಲಿ ಬೇರೆಯಾದ ಎರಡು ಕೊಂಬೆಗಳು ಜಪಾನಿನಲ್ಲಿ ಮತ್ತೆ ಒಂದೇ ಅಕ್ಷರದಡಿ ಬಂದು ಕೂಡಿವೆ.

ಜಪಾನಿನಲ್ಲಿ ಅವಸರದಲ್ಲಿ ಟಿಪ್ಪಣಿ ಬರೆದುಕೊಳ್ಳುವವರಿಗೆ 21 ಗೆರೆ ಎಳೆಯುವಷ್ಟು ಪುರಸೊತ್ತಿಲ್ಲ. ಅವರಿಗೊಂದು ಅಡ್ಡದಾರಿಯಿದೆ. ಚುಕ್ಕೆ, ಅಡ್ಡಗೆರೆ, ಇಳಿಗೆರೆ ಹಾಕಿ ಸೂರನ್ನು ಮಾತ್ರ ಬರೆಯುತ್ತಾರೆ. ಸೆಣಬಿನ ಕಡ್ಡಿಗಳನ್ನು ಬಿಡುತ್ತಾರೆ, ದೊಡ್ಡ ತಲೆಯ ದೆವ್ವವನ್ನೂ ಬಿಡುತ್ತಾರೆ. ಖಾಲಿಯಾದ ಸೂರಿನಡಿ ಜಪಾನೀ ದನಿಲಿಪಿಯ ಎರಡೇ ಗೆರೆಗಳ ಒಂದು ಅಕ್ಷರವನ್ನು ಕೂರಿಸುತ್ತಾರೆ. ಅದರ ಓದು ‘ಮ’.